ಗುರುವಿನ ಕಣ್ಣಳತೆಯಲ್ಲಿ

ನಮ್ಮ ಊರಿನ ಹಳೆಯ ಪೇಟೆಯ ಹಿಂಬದಿಯಲ್ಲಿ ಒಂದು ಗರಡಿಮನೆ ಇತ್ತು. ಅದರ ಬಾಗಿಲು ತೀರ ಗಿಡ್ಡ. ಎಂತಹ ಹಮ್ಮಿನ ಪೈಲ್ವಾನನೇ ಆಗಲಿ, ತಲೆ ಬಾಗಿಸದೆ ಒಳಗೆ ಕಾಲಿಡುವಂತಿರಲಿಲ್ಲ. ಒಳಗೆ ಹೋದರೆ ಅರೆಬೆಳಕು. ಎಣ್ಣೆ, ಅರಿಶಿನ, ಮಜ್ಜಿಗೆಗಳನ್ನು ಕಲಸಿ ಹದಮಾಡಿದ ಕೆಮ್ಮಣ್ಣಿನ ವಾಸನೆ. ಗೋಡೆಯ ಗೂಡಿನಲ್ಲಿ ಆಂಜನೇಯನ ಪಟ, ಅದರ ಮುಂದೆ ಒಂದು ಸಣ್ಣ ದೀಪ. ಮೂಲೆಯಲ್ಲಿ ಗದೆ, ಲೋಡು, ಕಲ್ಲುಗುಂಡುಗಳು. ಹದಿಮೂರನೆಯ ವಯಸ್ಸಿನಲ್ಲಿ ನಾನು ಆ ಬಾಗಿಲನ್ನು ಮೊದಲ ಸಲ ದಾಟಿದೆ. ಅದಾಗಿ ಐವತ್ತು ವರ್ಷಗಳೇ ಕಳೆದಿದ್ದರೂ ಅಲ್ಲಿ ಕಲಿತ ಒಂದು ಪಾಠ ನನ್ನ ಜೊತೆಯಲ್ಲೇ ನಡೆದು ಬಂದಿದೆ.

ಗರಡಿಯಲ್ಲಿ ಪ್ರತಿ ಸಂಜೆ ಮೂವತ್ತು ಹುಡುಗರು ಸೇರುತ್ತಿದ್ದರು. ಉಸ್ತಾದರು ಒಂದು ಮೂಲೆಯಲ್ಲಿ ನಿಂತು ಎಣಿಸುತ್ತಿದ್ದರು. ನಾವು ಸಾಲಾಗಿ ನಿಂತು ದಂಡ ಹೊಡೆಯುತ್ತಿದ್ದೆವು, ಬಸ್ಕಿ ತೆಗೆಯುತ್ತಿದ್ದೆವು. ಆಮೇಲೆ ಜೋಡಿ ಜೋಡಿಯಾಗಿ ಮಣ್ಣಿಗಿಳಿದು ವರಸೆಗಳ ಅಭ್ಯಾಸ. ಸಾಮು ತೆಗೆಯುವುದರಲ್ಲಿ ನಾನು ಯಾರಿಗೂ ಕಡಿಮೆಯಾಗಿರಲಿಲ್ಲ. ಆದರೆ ಜೋಡಿಯ ಎದುರಿಗೆ ನಿಂತ ಕೂಡಲೇ ಏನೋ ಎಡವಟ್ಟಾಗುತ್ತಿತ್ತು. ನಾನು ಮುಂದೆ ನುಗ್ಗುವಷ್ಟರಲ್ಲಿ ಎದುರಾಳಿ ಪಕ್ಕಕ್ಕೆ ಸರಿದಿರುತ್ತಿದ್ದ. ಮರುಕ್ಷಣ ನನ್ನ ಬೆನ್ನು ಮಣ್ಣಿನ ಮೇಲಿರುತ್ತಿತ್ತು. ನನಗಿಂತ ಸಣ್ಣವರೂ ನನ್ನನ್ನು ಕೆಡವುತ್ತಿದ್ದರು. ನನ್ನ ತೋಳಿನಲ್ಲಿ ಕಸುವು ಸಾಲದೆಂದು ಭಾವಿಸಿ ನಾನು ಇನ್ನಷ್ಟು ದಂಡ ಹೊಡೆದೆ. ಕಾಲಿನಲ್ಲಿ ಬಲ ಸಾಲದೆಂದು ಇನ್ನಷ್ಟು ಬಸ್ಕಿ ತೆಗೆದೆ. ಬಲ ಹೆಚ್ಚಿತು, ಸೋಲು ಮಾತ್ರ ಕಡಿಮೆಯಾಗಲಿಲ್ಲ. ಗರಡಿಯನ್ನೇ ಬಿಟ್ಟುಬಿಡಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದೆ.

ಒಂದು ಸಂಜೆ ಎಲ್ಲರೂ ಹೊರಡುತ್ತಿದ್ದಾಗ ಉಸ್ತಾದರು ನನ್ನನ್ನು ಕರೆದು, “ನಾಳೆ ಬೆಳಿಗ್ಗೆ ನೀನೊಬ್ಬನೇ ಬಾಪ್ಪ. ಮನೆಯಲ್ಲಿ ಹೇಳಿಯೇ ಬಾ” ಎಂದರು. ಬೆಳಿಗ್ಗೆ ಹೋದೆ. ಅವರು ಮಣ್ಣಿನ ನಡುವೆ ನಿಂತು, “ನನ್ನ ಕಡೆಗೆ ಒಂದು ಹೆಜ್ಜೆ ಬಾ” ಎಂದರು. ಬಂದೆ. “ಹಿಂದೆ ಹೋಗು. ಇನ್ನೊಂದು ಸಲ ಬಾ.” ಹೀಗೆ ಹತ್ತಿಪ್ಪತ್ತು ಸಲ ನಡೆಯಿತು. ಅವರು ನನ್ನನ್ನು ಮುಟ್ಟಲೂ ಇಲ್ಲ. ಕೊನೆಗೆ ನನ್ನ ಎಡಭುಜದ ಮೇಲೆ ಬೆರಳಿಟ್ಟು ಹೇಳಿದರು: “ಮುಂದೆ ಬರುವುದಕ್ಕೆ ಮುಂಚೆ ನೀನು ಉಸಿರು ಕಟ್ಟುತ್ತೀಯ ಮಗು. ಉಸಿರು ಕಟ್ಟಿದಾಗ ಈ ಭುಜ ಮೇಲೇಳುತ್ತದೆ. ನೀನು ಬರುವ ಸುದ್ದಿಯನ್ನು ನಿನಗಿಂತ ಮುಂಚೆ ನಿನ್ನ ಭುಜವೇ ಹೇಳಿಬಿಡುತ್ತದೆ.”

ನಾನು ಬೆರಗಾದೆ. ನನ್ನ ದೇಹ ನನಗೆ ತಿಳಿಯದೆಯೇ ನನ್ನ ಗುಟ್ಟನ್ನು ಎದುರಾಳಿಗೆ ಬಿಟ್ಟುಕೊಡುತ್ತಿತ್ತು! ಅದಾದ ಮೇಲೆ ಹದಿನೈದು ದಿನ ಉಸ್ತಾದರು ನನಗೆ ಯಾವ ಹೊಸ ಪಟ್ಟನ್ನೂ ಹೇಳಿಕೊಡಲಿಲ್ಲ. ಉಸಿರು ಬಿಡುತ್ತ ಹೆಜ್ಜೆ ಇಡುವುದು, ಅಷ್ಟೇ. ಮೂವತ್ತು ಜನರ ನಡುವೆ ಮೂರು ತಿಂಗಳು ಬೆವರು ಸುರಿಸಿದರೂ ಕಾಣದ ತಪ್ಪು, ಒಬ್ಬನೇ ನಿಂತಾಗ ಅರ್ಧ ಗಂಟೆಯಲ್ಲಿ ಗುರುವಿನ ಕಣ್ಣಿಗೆ ಬಿದ್ದಿತ್ತು.

ಒಬ್ಬ ಗುರು ಒಬ್ಬ ಶಿಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಯುದ್ಧಕಲೆಯನ್ನು ಕಲಿಸುವ ಈ ಪದ್ಧತಿ ಬಹು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಮೀಸಲಾದ ಭಾಗವೇ ಇದೆ. ಮಲ್ಲರ ಆಹಾರ, ವ್ಯಾಯಾಮ, ಕಾಳಗ ಇವುಗಳ ವಿವರಗಳನ್ನು ಅಲ್ಲಿ ಕಾಣಬಹುದು. ಮೈಸೂರಿನ ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗ ನಡೆಸುವ ಜೆಟ್ಟಿಗಳ ಮನೆತನಗಳಲ್ಲಿ ಈ ವಿದ್ಯೆ ಹಿರಿಯರಿಂದ ಕಿರಿಯರಿಗೆ ಇಳಿದು ಬಂದುದು. ಇಂತಹ ವಿದ್ಯೆಗಳು ಬರಿಯ ಗ್ರಂಥದಿಂದ ಬರುವಂತಹವಲ್ಲ. ಅವು ಮೈಯಿಂದ ಮೈಗೆ, ಕಣ್ಣಿನಿಂದ ಕಣ್ಣಿಗೆ ಸಾಗಬೇಕಾದ ವಿದ್ಯೆಗಳು.

ಇದಕ್ಕೆ ಕಾರಣವನ್ನು ಸ್ವಲ್ಪ ವಿಚಾರಿಸೋಣ. ಲೆಕ್ಕದಲ್ಲಿ ತಪ್ಪಿದರೆ ತಪ್ಪು ಕಾಗದದ ಮೇಲೆ ನಿಲ್ಲುತ್ತದೆ; ನಾವೇ ತಿರುಗಿ ನೋಡಿ ತಿದ್ದಿಕೊಳ್ಳಬಹುದು. ದೇಹದ ತಪ್ಪು ಹಾಗಲ್ಲ. ಅದು ನಡೆದ ಕ್ಷಣದಲ್ಲೇ ಮಾಯವಾಗುತ್ತದೆ. ತನ್ನ ಹಿಮ್ಮಡಿ ಎದ್ದುದನ್ನು, ತನ್ನ ಮಂಡಿ ಒಳಕ್ಕೆ ವಾಲಿದುದನ್ನು, ತನ್ನ ಗದ್ದ ಮುಂದೆ ಚಾಚಿದುದನ್ನು ಹೋರಾಡುತ್ತಿರುವವನು ತಾನೇ ಕಾಣಲಾರ. ಅಷ್ಟೇ ಅಲ್ಲ, ದೇಹವು ಸರಿ ತಪ್ಪುಗಳೆಂಬ ಭೇದವಿಲ್ಲದೆ ಮತ್ತೆ ಮತ್ತೆ ಮಾಡಿದುದನ್ನೆಲ್ಲ ರೂಢಿಮಾಡಿಕೊಳ್ಳುತ್ತದೆ. ಒಂದು ಹೊಡೆತವನ್ನು ತಪ್ಪಾಗಿ ನೂರು ಸಲ ಅಭ್ಯಾಸ ಮಾಡಿದವನು ನೂರು ಸಲ ತಪ್ಪನ್ನೇ ಕಲಿತಂತಾಯಿತು. ಒಂದು ಗಂಟೆಯ ಅವಧಿಯಲ್ಲಿ 30 ಮಕ್ಕಳಿದ್ದರೆ ಗುರುವಿನ ದೃಷ್ಟಿ ಒಬ್ಬೊಬ್ಬನ ಪಾಲಿಗೆ ಬರುವುದು ಎರಡೇ ನಿಮಿಷ. ಆ ಎರಡು ನಿಮಿಷಗಳಲ್ಲಿ ಎದ್ದು ಕಾಣುವ ತಪ್ಪುಗಳು ಸಿಕ್ಕಾವು. ಅಡಗಿರುವ ತಪ್ಪುಗಳು ಸಿಗುವುದು ಕಷ್ಟ. ತಪ್ಪು ಬೇರೂರುವ ಮುನ್ನ ಅದನ್ನು ಕೀಳುವುದು ಒಬ್ಬನಿಗೆ ಹೇಳುವ ಪಾಠದ ಮೊದಲನೆಯ ಪ್ರಯೋಜನ.

ಎರಡನೆಯದು, ಪಾಠವು ಕಲಿಯುವವನ ಮೈಕಟ್ಟಿಗೆ ಹೊಂದುವುದು. ಎತ್ತರದವನ ಅನುಕೂಲ ಒಂದು, ಕುಳ್ಳನ ಅನುಕೂಲ ಇನ್ನೊಂದು. ನೀಳವಾದ ತೋಳುಳ್ಳವನು ಎದುರಾಳಿಯನ್ನು ದೂರದಲ್ಲಿ ತಡೆದು ನಿಲ್ಲಿಸಬಲ್ಲ. ಗಿಡ್ಡನೆಯವನು ಅವನ ತೋಳಿನ ಕೆಳಗೆ ನುಸುಳಿ ಸೊಂಟವನ್ನು ಹಿಡಿಯಬಲ್ಲ. ಎಡಗೈಯವನಿಗೆ ಬಲಗೈಯವನ ವರಸೆಗಳನ್ನು ಹಾಗೆಯೇ ಕಲಿಸಿದರೆ ಅವನ ಹುಟ್ಟುಗುಣವೇ ವ್ಯರ್ಥವಾಗುತ್ತದೆ. ಒಬ್ಬ ಮಗುವಿಗೆ ಹಿಂದೆಂದೋ ಕಾಲು ಉಳುಕಿರಬಹುದು, ಇನ್ನೊಬ್ಬನಿಗೆ ಉಬ್ಬಸವಿರಬಹುದು. ಸಾಲಿನಲ್ಲಿ ನಿಂತಾಗ ಎಲ್ಲರಿಗೂ ಒಂದೇ ಎಣಿಕೆ. ಎದುರಿಗೆ ಒಬ್ಬನೇ ನಿಂತಾಗ ಗುರು ಎಣಿಕೆಯನ್ನು ಅವನ ಉಸಿರಿಗೆ ತಕ್ಕಂತೆ ನಿಧಾನಿಸಬಲ್ಲ, ಚುರುಕುಗೊಳಿಸಬಲ್ಲ. ಮೈಗೆ ಪೆಟ್ಟಾಗುವ ಸಂಭವವೂ ಇದರಿಂದ ಕಡಿಮೆಯಾಗುತ್ತದೆ.

ಮೂರನೆಯ ಪ್ರಯೋಜನವನ್ನು ನಾನು ಉಪಾಧ್ಯಾಯನಾದ ಮೇಲೆ ಕಂಡೆ. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸಲು ಒಬ್ಬ ಶಿಕ್ಷಕಿ ವಾರಕ್ಕೆರಡು ದಿನ ಬರುತ್ತಿದ್ದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಯಾವಾಗಲೂ ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದಳು. ಎಲ್ಲರೂ ಹೊಡೆತದೊಂದಿಗೆ ಗಟ್ಟಿಯಾಗಿ ಕೂಗುವಾಗ ಅವಳ ತುಟಿಗಳಷ್ಟೇ ಅಲುಗುತ್ತಿದ್ದವು. ಶಿಕ್ಷಕಿ ಇದನ್ನು ಗಮನಿಸಿ, ತರಗತಿ ಮುಗಿದ ಮೇಲೆ ಕಾಲು ಗಂಟೆ ಅವಳನ್ನು ಶಾಲೆಯ ಜಗಲಿಯಲ್ಲಿ, ನಮ್ಮೆಲ್ಲರ ಕಣ್ಣೆದುರಿಗೆ, ಉಳಿಸಿಕೊಳ್ಳತೊಡಗಿದರು. ಮೊದಲ ದಿನ ಹೊಡೆತವಿಲ್ಲ, ಒದೆತವಿಲ್ಲ. ನೆಟ್ಟಗೆ ನಿಲ್ಲುವುದು, ಎದುರಿನವರ ಕಣ್ಣನ್ನು ನೋಡುವುದು, “ದೂರ ನಿಲ್ಲಿ” ಎಂದು ಹೇಳುವುದು. ಹುಡುಗಿಯ ದನಿ ಜಗಲಿಯ ಕಂಬವನ್ನೂ ದಾಟಲಿಲ್ಲ. ಎರಡನೆಯ ವಾರದಲ್ಲಿ ಅವಳು ಅಳುತ್ತ ಒಂದು ಸಂಗತಿಯನ್ನು ಹೇಳಿದಳು. ಮನೆಗೆ ಹೋಗುವ ದಾರಿಯ ಒಂದು ತಿರುವಿನಲ್ಲಿ ಕೆಲವರು ಅವಳನ್ನು ದಿನವೂ ಅಡ್ಡಗಟ್ಟಿ ಗೇಲಿ ಮಾಡುತ್ತಿದ್ದರು. ಶಾಲೆಯನ್ನು ಬಿಟ್ಟರೆ ಈ ಕಾಟ ತಪ್ಪೀತೆಂದು ಅವಳು ಯೋಚಿಸುತ್ತಿದ್ದಳು. ಅಷ್ಟು ಜನರ ನಡುವೆ ಈ ಮಾತು ಅವಳ ಬಾಯಿಂದ ಬರುವಂತಿರಲಿಲ್ಲ.

ಶಿಕ್ಷಕಿ ಎರಡು ಕೆಲಸ ಮಾಡಿದರು. ವಿಷಯವನ್ನು ಮುಖ್ಯೋಪಾಧ್ಯಾಯರಿಗೂ ಹುಡುಗಿಯ ತಾಯಿತಂದೆಯರಿಗೂ ತಿಳಿಸಿ ಹಿರಿಯರಿಂದ ಆಗಬೇಕಾದ ಏರ್ಪಾಡನ್ನು ಮಾಡಿಸಿದರು. ಜೊತೆಗೆ ಪಾಠವನ್ನೂ ಮುಂದುವರಿಸಿದರು. ಯಾರಾದರೂ ಮಣಿಕಟ್ಟನ್ನು ಹಿಡಿದರೆ ಹಿಂದಕ್ಕೆ ಜಗ್ಗಬಾರದು. ಹಿಡಿದವನ ಹೆಬ್ಬೆರಳೂ ಬೆರಳ ತುದಿಗಳೂ ಸೇರುವ ಸಂದಿನ ಕಡೆಗೆ ಕೈಯನ್ನು ತಿರುಗಿಸಿ ಎಳೆಯಬೇಕು, ಏಕೆಂದರೆ ಹಿಡಿತ ದುರ್ಬಲವಾಗಿರುವುದು ಅಲ್ಲಿಯೇ. ಕೈ ಬಿಡಿಸಿಕೊಂಡ ಮೇಲೆ ನಿಂತು ಕಾದಾಡಬಾರದು, ಕೂಗುತ್ತ ಜನರಿರುವ ಕಡೆಗೆ ಓಡಬೇಕು, ಮನೆಯಲ್ಲಿ ಹೇಳಬೇಕು. ಒಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ “ದೂರ ನಿಲ್ಲಿ” ಎಂಬ ದನಿ ಉಪಾಧ್ಯಾಯರ ಕೊಠಡಿಯವರೆಗೂ ಕೇಳಿಸಿತು. ನಾವೆಲ್ಲ ಓದುತ್ತಿದ್ದ ಪುಸ್ತಕಗಳಿಂದ ತಲೆಯೆತ್ತಿ ನೋಡಿದೆವು. ಹುಡುಗಿ ಶಾಲೆಯನ್ನು ಬಿಡಲಿಲ್ಲ.

ಭಯವೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಬೀಳುವ ಭಯ ಕೆಲವರಿಗೆ, ನಗೆಪಾಟಲಾಗುವ ಭಯ ಕೆಲವರಿಗೆ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಅವರು ಸ್ಥಾಪಿಸಿದ ಜೂಡೋ ಕಲೆಯಲ್ಲಿ ಬೇರೆಯವರನ್ನು ಕೆಡಹುವುದಕ್ಕೆ ಮೊದಲು ಪೆಟ್ಟಾಗದಂತೆ ತಾನು ಬೀಳುವುದನ್ನು ಕಲಿಸುತ್ತಾರೆ. ನೋಡಿ ನಗುವವರಿಲ್ಲದ ಕಡೆ ಹತ್ತು ಸಲ ಬಿದ್ದವನಿಗೆ ಹನ್ನೊಂದನೆಯ ಸಲ ಎಲ್ಲರೆದುರಿಗೆ ಬೀಳಲು ನಾಚಿಕೆಯಾಗದು.

ಈ ಬಗೆಯ ಪಾಠದ ನಿಜವಾದ ಹಿರಿಮೆಯನ್ನು ತಿಳಿಯಲು ನಾವು ದೂರದ ಒಂದು ದ್ವೀಪಕ್ಕೆ ಹೋಗಬೇಕು. ಜಪಾನಿನ ದಕ್ಷಿಣಕ್ಕಿರುವ ಒಕಿನಾವಾ ಕರಾಟೆಯ ತವರು. ಅಲ್ಲಿಯ ಶುರಿ ಎಂಬ ಊರಿನಲ್ಲಿ 1868ರಲ್ಲಿ ಜನಿಸಿದ ಗಿಚಿನ್ ಫುನಾಕೋಶಿ ಬಾಲ್ಯದಲ್ಲಿ ಬಹಳ ದುರ್ಬಲ, ರೋಗಿಷ್ಠ. ಅವನ ಸಹಪಾಠಿಯೊಬ್ಬನ ತಂದೆ ಅಂಕೋ ಅಜಾತೋ ಕರಾಟೆಯಲ್ಲಿ ಪ್ರಸಿದ್ಧರು. ಆ ಕಾಲದಲ್ಲಿ ಈ ವಿದ್ಯೆಯನ್ನು ಬಹಿರಂಗವಾಗಿ ಕಲಿಸುತ್ತಿರಲಿಲ್ಲ. ಹುಡುಗ ರಾತ್ರಿ ಹೊತ್ತು ಕತ್ತಲೆಯ ದಾರಿಯಲ್ಲಿ ಗುರುವಿನ ಮನೆಗೆ ನಡೆದು ಹೋಗುತ್ತಿದ್ದ. ಮನೆಯ ಹಿತ್ತಲೇ ಪಾಠಶಾಲೆ. ಗುರು ಮಂದವಾದ ದೀಪವನ್ನು ಪಕ್ಕದಲ್ಲಿಟ್ಟುಕೊಂಡು ಮೊಗಸಾಲೆಯಲ್ಲಿ ನೆಟ್ಟಗೆ ಕುಳಿತು ನೋಡುತ್ತಿದ್ದರು.

ಕರಾಟೆಯಲ್ಲಿ ‘ಕಾತಾ’ ಎಂಬುದೊಂದಿದೆ. ಹೊಡೆತ, ತಡೆ, ಹೆಜ್ಜೆ, ತಿರುವುಗಳನ್ನು ನಿಶ್ಚಿತವಾದ ಕ್ರಮದಲ್ಲಿ ಪೋಣಿಸಿದ ಸರಣಿ ಅದು. ಬಾಲಕ ಫುನಾಕೋಶಿ ಒಂದೇ ಕಾತಾವನ್ನು ರಾತ್ರಿಯಿಂದ ರಾತ್ರಿಗೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾಡಬೇಕಾಗುತ್ತಿತ್ತು. ಗುರುವಿಗೆ ಒಪ್ಪಿಗೆಯಾಗುವವರೆಗೆ ಮುಂದಿನ ಪಾಠವಿಲ್ಲ. ಹೊಗಳಿಕೆಯಂತೂ ಒಂದೇ ಒಂದು ಮಾತಿನಷ್ಟು ಚಿಕ್ಕದು. ಬೇಸರದಿಂದ ಮನಸ್ಸು ಕುದಿಯುತ್ತಿತ್ತೆಂದು ಅವರೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಆ ದೀಪದ ಪಕ್ಕದಿಂದ ಎರಡು ಕಣ್ಣುಗಳು ತನ್ನೊಬ್ಬನನ್ನೇ ನೋಡುತ್ತಿವೆ ಎಂಬ ಅರಿವಿನಲ್ಲಿ ಅಡ್ಡಾದಿಡ್ಡಿಯಾಗಿ ಕೈ ಬೀಸುವಂತಿರಲಿಲ್ಲ. ರೋಗಿಷ್ಠ ಬಾಲಕ ಗಟ್ಟಿಮುಟ್ಟಾದ ಯುವಕನಾದ. ಪ್ರಾಥಮಿಕ ಶಾಲೆಯ ಉಪಾಧ್ಯಾಯನೂ ಆದ. 1922ರಲ್ಲಿ ಟೋಕಿಯೋ ನಗರದಲ್ಲಿ ಕರಾಟೆಯನ್ನು ಪ್ರದರ್ಶಿಸಿ ಅದು ಜಪಾನಿನಲ್ಲೆಲ್ಲ ಹರಡಲು ಕಾರಣರಾದವರು ಇವರೇ. ಅವರು 1957ರಲ್ಲಿ ನಿಧನರಾದರು. ಇಂದು ಲೋಕದ ನಾನಾ ಭಾಗಗಳಲ್ಲಿ ಸಾಲುಸಾಲಾಗಿ ನಿಂತು ಕರಾಟೆ ಕಲಿಯುವ ಮಕ್ಕಳ ಹಿಂದೆ ಆ ಹಿತ್ತಲಿನ ಒಬ್ಬನೇ ಒಬ್ಬ ಶಿಷ್ಯನಿದ್ದಾನೆ.

ಸಾಲುಸಾಲಾಗಿ ಕಲಿಯುವ ಪದ್ಧತಿ ಹೇಗೆ ಬಂತು? ಫುನಾಕೋಶಿಯವರ ಇನ್ನೊಬ್ಬ ಗುರು ಅಂಕೋ ಇತೊಸು 1901ರಲ್ಲಿ ಒಕಿನಾವಾದ ಶಾಲೆಯೊಂದರಲ್ಲಿ ಕರಾಟೆಯನ್ನು ಅಂಗಸಾಧನೆಯ ಪಾಠವಾಗಿ ತಂದರು. ಮಕ್ಕಳಿಗೆ ಸುಲಭವಾಗಲೆಂದು ಐದು ಸರಳವಾದ ಕಾತಾಗಳನ್ನು ಸಿದ್ಧಪಡಿಸಿದರು. ಗುಟ್ಟಾಗಿದ್ದ ವಿದ್ಯೆ ಸಾವಿರಾರು ಮಕ್ಕಳಿಗೆ ದೊರೆಯಿತು. ಇದು ದೊಡ್ಡ ಉಪಕಾರ. ಆದರೆ ಒಂದೇ ಎಣಿಕೆಗೆ ನೂರು ಮಕ್ಕಳು ಕೈ ಚಾಚುವ ಕಡೆ ಒಬ್ಬೊಬ್ಬನ ಹಿಮ್ಮಡಿಯನ್ನೂ ಗುರು ನೋಡಲಾರ. ಗುಂಪಿನ ಪಾಠ ವಿದ್ಯೆಯನ್ನು ಅಗಲವಾಗಿ ಹರಡಿತು. ಒಬ್ಬನಿಗೆ ಹೇಳುವ ಪಾಠ ಅದರ ಆಳವನ್ನು ಕಾಯ್ದುಕೊಂಡಿತು. ಒಂದು ಹೊಳೆಯ ಹರವಾದರೆ ಇನ್ನೊಂದು ಮಡು. ಎರಡೂ ಬೇಕು.

ನಾಲ್ಕನೆಯ ಪ್ರಯೋಜನ ನಡತೆಗೆ ಸಂಬಂಧಿಸಿದುದು. ನಮ್ಮ ನೆರೆಯ ಕೇರಳದ ಕಳರಿಪಯಟ್ಟು ಎಂಬ ಯುದ್ಧಕಲೆಯನ್ನು ನೋಡಿ. ನೆಲವನ್ನು ಅಗೆದು ತಗ್ಗಿಸಿ ಕಟ್ಟಿದ ಕಳರಿ ರೂಢಿಯಂತೆ 42 ಅಡಿ ಉದ್ದ, 21 ಅಡಿ ಅಗಲ. ಅಲ್ಲಿ ಮೊದಲು ಮೈಪಳಗುವ ಅಭ್ಯಾಸ, ಆಮೇಲೆ ಕೋಲಿನ ವರಸೆ, ಬಳಿಕ ಕತ್ತಿ ಗುರಾಣಿಗಳಂತಹ ಲೋಹದ ಆಯುಧಗಳು, ಕೊನೆಗೆ ಬರಿಗೈಯ ಕಾಳಗ. ದೇಹದ ಮರ್ಮಸ್ಥಾನಗಳ ತಿಳುವಳಿಕೆಯನ್ನು ಗುರುಕ್ಕಳರು ಎಲ್ಲರಿಗೂ ಕೊಡುವುದಿಲ್ಲ. ವರ್ಷಗಟ್ಟಲೆ ನೋಡಿ, ತಾಳ್ಮೆಯುಳ್ಳವನೆಂದು ಮನಗಂಡ ಶಿಷ್ಯನಿಗೆ ಮಾತ್ರ ಕೊಡುತ್ತಾರೆ. ಏಕೆಂದರೆ ಆ ಸ್ಥಾನಗಳನ್ನು ಅರಿತವನು ಕೊಲ್ಲಲೂ ಬಲ್ಲ, ಪೆಟ್ಟಾದವರನ್ನು ಉಪಚರಿಸಲೂ ಬಲ್ಲ. ಯಾವ ಶಿಷ್ಯ ಯಾವುದನ್ನು ಮಾಡಿಯಾನು ಎಂಬುದನ್ನು ಗುರು ಹತ್ತಿರದಿಂದ ಅರಿತಿರಬೇಕು. ಮುಂಗೋಪಿಯ ಕೈಗೆ ಹೊಡೆತವನ್ನು ಕಲಿಸುವ ಮುನ್ನ ಕೋಪವನ್ನು ತಡೆಯುವುದನ್ನು ಕಲಿಸಬೇಕು. ಈ ಹಿಂದುಮುಂದನ್ನು ಗೊತ್ತುಮಾಡಲು ಗುರುವಿಗೆ ಶಿಷ್ಯನ ತೋಳಿನ ಪರಿಚಯವಿದ್ದರೆ ಸಾಲದು, ಮನಸ್ಸಿನ ಪರಿಚಯವೂ ಇರಬೇಕು.

ಇಷ್ಟು ಪ್ರಯೋಜನಗಳನ್ನು ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ತೋರಿಸದಿದ್ದರೆ ನಾನು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಒಂದು ಪ್ರಸಂಗವಿದೆ. ದ್ರೋಣಾಚಾರ್ಯರು ಶಿಷ್ಯರನ್ನು ನೀರು ತರಲು ಕಳುಹಿಸುತ್ತಿದ್ದರು. ಉಳಿದವರ ಕೈಗೆ ಕಿರಿದಾದ ಬಾಯಿಯ ಕಮಂಡಲುಗಳು. ಮಗ ಅಶ್ವತ್ಥಾಮನ ಕೈಗೆ ಅಗಲ ಬಾಯಿಯ ಕೊಡ. ಅವನ ಕೊಡ ಬೇಗ ತುಂಬುತ್ತಿತ್ತು. ಉಳಿದವರು ಬರುವಷ್ಟರಲ್ಲಿ ತಂದೆ ಮಗನಿಗೆ ವಿಶೇಷ ಪಾಠವನ್ನು ಹೇಳಿ ಮುಗಿಸುತ್ತಿದ್ದರು. ಅರ್ಜುನ ಇದನ್ನು ಅರಿತ. ವಾರುಣಾಸ್ತ್ರದಿಂದ ತನ್ನ ಕಮಂಡಲುವನ್ನು ಕ್ಷಣದಲ್ಲಿ ತುಂಬಿಕೊಂಡು ಅಶ್ವತ್ಥಾಮನ ಜೊತೆಗೇ ಬಂದು ನಿಂತ. ಗುರುವಿನ ಬಳಿ ದೊರೆಯುವ ನಾಲ್ಕು ನಿಮಿಷಗಳ ಏಕಾಂತಕ್ಕೆ ಎಷ್ಟು ಬೆಲೆಯಿದೆ ಎಂಬುದು ತಂದೆಗೂ ಗೊತ್ತಿತ್ತು, ಅರ್ಜುನನಿಗೂ ಗೊತ್ತಿತ್ತು.

ಆದರೆ ಅದೇ ಗುರುವಿನ ಬಾಗಿಲಲ್ಲಿ ನಿಂತ ಏಕಲವ್ಯನಿಗೆ ಆ ನಾಲ್ಕು ನಿಮಿಷಗಳೂ ದೊರೆಯಲಿಲ್ಲ. ಅವನು ಬೇಡರ ಕುಲದವನೆಂಬುದೇ ಅಡ್ಡಿಯಾಯಿತು. ಅವನು ಮಣ್ಣಿನ ಗುರುವನ್ನು ಮಾಡಿಕೊಂಡು ಕಲಿತ. ಕಲಿತ ಮೇಲೆ ಗುರು ಅವನಿಗೆ ಪಾಠ ಹೇಳಲು ಬರಲಿಲ್ಲ, ಹೆಬ್ಬೆರಳನ್ನು ಕೇಳಲು ಬಂದರು. ಗುರುವಿನ ಕಣ್ಣಳತೆಯೊಳಗೆ ಯಾರಿಗೆ ಎಡೆ, ಯಾರಿಗೆ ಎಡೆಯಿಲ್ಲ ಎಂಬುದನ್ನು ಕುಲವಾಗಲಿ ಹಣವಾಗಲಿ ನಿರ್ಧರಿಸತೊಡಗಿದರೆ, ಒಬ್ಬನಿಗೆ ಹೇಳುವ ಪಾಠ ಇನ್ನೊಬ್ಬನಿಗೆ ಮಾಡುವ ಅನ್ಯಾಯವಾಗುತ್ತದೆ. ಇಂದು ಹಣ ಕೊಟ್ಟು ಪ್ರತ್ಯೇಕ ಪಾಠ ಪಡೆಯಬಲ್ಲವರು ಕೆಲವರೇ. ಹಾಗೆಂದು ಉಳಿದವರು ನಿರಾಶರಾಗಬೇಕಾಗಿಲ್ಲ. ನಮ್ಮ ಉಸ್ತಾದರು ನನ್ನಿಂದ ಬಿಡಿಕಾಸನ್ನೂ ತೆಗೆದುಕೊಳ್ಳಲಿಲ್ಲ. ದಿನಕ್ಕೊಬ್ಬನಂತೆ ಸರದಿಯ ಮೇಲೆ ಹುಡುಗರನ್ನು ಕರೆಯುತ್ತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಗುಂಪಿಗೆ ಕಲಿಸುವ ಗುರುವೂ ಮನಸ್ಸು ಮಾಡಿದರೆ ಪ್ರತಿ ಶಿಷ್ಯನಿಗೂ ತಿಂಗಳಿಗೆ ಕಾಲು ಗಂಟೆಯನ್ನು ಎತ್ತಿಡಬಲ್ಲ.

ಇನ್ನೊಂದು ಎಚ್ಚರಿಕೆಯ ಮಾತನ್ನು ನೀವು ಮರೆಯಬಾರದು. ಒಬ್ಬರಿಗೆ ಹೇಳುವ ಪಾಠ ಬೇರೆ, ಗುಟ್ಟಿನ ಪಾಠ ಬೇರೆ. ನಾನು ಒಬ್ಬನೇ ಕಲಿಯುತ್ತಿದ್ದಾಗ ಗರಡಿಯ ಬಾಗಿಲು ಒಂದು ದಿನವೂ ಮುಚ್ಚಿರಲಿಲ್ಲ. ಬೀದಿಯಲ್ಲಿ ಹೋಗುವವರು ಬಗ್ಗಿ ನೋಡಬಹುದಾಗಿತ್ತು. ಮನೆಯಲ್ಲಿ ಹೇಳಿಯೇ ಬಾ ಎಂಬುದು ಉಸ್ತಾದರ ಮೊದಲ ಮಾತು. ಶಾಲೆಯ ಶಿಕ್ಷಕಿ ಆರಿಸಿಕೊಂಡುದೂ ತೆರೆದ ಜಗಲಿಯನ್ನೇ. ಮನೆಯವರಿಗೆ ಹೇಳಬೇಡವೆಂದು ಯಾರಾದರೂ ಕಲಿಸಬಂದರೆ, ಮುಟ್ಟಿ ತಿದ್ದುವ ನೆಪದಲ್ಲಿ ನಿಮ್ಮ ಮನಸ್ಸಿಗೆ ಒಪ್ಪದಂತೆ ನಡೆದುಕೊಂಡರೆ, ಅಂತಹವರು ಗುರುಗಳಲ್ಲ. ಅಲ್ಲಿಂದ ಎದ್ದು ಬಂದು ತಾಯಿತಂದೆಯರಿಗೆ ಹೇಳುವುದೇ ಅಂದು ನೀವು ಪ್ರಯೋಗಿಸಬೇಕಾದ ಆತ್ಮರಕ್ಷಣೆಯ ಮೊದಲ ವರಸೆ.

ಕೊನೆಯದಾಗಿ, ಗುರುವೊಬ್ಬನ ಎದುರಿನಲ್ಲಿಯೇ ಕಲಿತವನ ವಿದ್ಯೆ ಪೂರ್ಣವಾಗುವುದಿಲ್ಲ. ಗುರುವಿನ ಎತ್ತರ, ತೂಕ, ವೇಗಗಳಿಗೆ ಅವನ ಕಣ್ಣು ಒಗ್ಗಿಹೋಗುತ್ತದೆ. ಹೊರಗಿನ ಕಣದಲ್ಲಿ ಕುಳ್ಳರಿರುತ್ತಾರೆ, ದಢೂತಿಗಳಿರುತ್ತಾರೆ, ಎಡಗೈಯವರಿರುತ್ತಾರೆ. ಜೊತೆಗಾರರ ಉಸಿರು, ಬೆವರು, ನಗು, ಪೈಪೋಟಿ ಇವುಗಳೂ ಗುರುಗಳೇ. ಉಸ್ತಾದರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: “ಒಬ್ಬನ ಹತ್ತಿರ ಕಲಿ, ಹತ್ತು ಜನರ ಹತ್ತಿರ ಸೋಲು.” ಆದ್ದರಿಂದಲೇ ಬೆಳಗಿನ ಪಾಠ ನಡೆಯುತ್ತಿದ್ದ ದಿನಗಳಲ್ಲಿಯೂ ಸಂಜೆಯ ಸಾಲಿಗೆ ನಾನು ತಪ್ಪದೆ ಬರಬೇಕಾಗಿತ್ತು.

ಆ ವರ್ಷ ಊರ ಜಾತ್ರೆಯ ಕುಸ್ತಿಯಲ್ಲಿ ನನ್ನನ್ನೂ ಕಣಕ್ಕಿಳಿಸಿದರು. ತಮಟೆಯ ಸದ್ದು, ಸುತ್ತಲೂ ಜನ. ನಾನು ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಉಸಿರು ಬಿಡುತ್ತ ಹೆಜ್ಜೆಯಿಟ್ಟೆ. ಎದುರಾಳಿ ಪಕ್ಕಕ್ಕೆ ಸರಿಯಲಿಲ್ಲ. ನಾನು ಬಂದುದು ಅವನಿಗೆ ತಿಳಿಯಲೇ ಇಲ್ಲ. ಅವನ ಸೊಂಟ ನನ್ನ ಕೈಗೆ ಸಿಕ್ಕಿತು. ಬಹಳ ಹೊತ್ತು ಸೆಣಸಿದೆವು. ಕಡೆಗೆ ನಾನೇ ಚಿತ್ತಾದೆ. ಮೈಗೆ ಹತ್ತಿದ ಮಣ್ಣನ್ನು ಒರೆಸಿಕೊಳ್ಳುತ್ತ, ತಲೆ ತಗ್ಗಿಸಿ ಉಸ್ತಾದರ ಬಳಿಗೆ ಬಂದೆ.

“ಸೋತುಬಿಟ್ಟೆ, ಉಸ್ತಾದರೇ” ಎಂದೆ.

ಅವರು ನನ್ನ ಎಡಭುಜದ ಮೇಲೆ ಕೈಯಿಟ್ಟರು. “ಸೋತೆ, ನಿಜ. ಆದರೆ ಹಳೆಯ ತಪ್ಪಿನಿಂದ ಸೋಲಲಿಲ್ಲ. ಇದು ಹೊಸ ತಪ್ಪು. ನಾಳೆ ಬೆಳಿಗ್ಗೆ ಬಾ” ಎಂದರು.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮಕ್ಕಳಿಗೆ ಪಾಠ ಹೇಳಿದ್ದೇನೆ. ಒಬ್ಬ ಗುರು ಒಬ್ಬ ಶಿಷ್ಯನಿಗೆ ಹೇಳಬಹುದಾದ ಇದಕ್ಕಿಂತ ದೊಡ್ಡ ಮಾತು ನನಗೆ ಈವರೆಗೂ ದೊರೆತಿಲ್ಲ.

ಪದಗಳ ಅರ್ಥ

ಹಮ್ಮು – ಅಹಂಕಾರ
ಸಾಮು – ಗರಡಿಯ ವ್ಯಾಯಾಮ
ಲೋಡು – ತಿರುಗಿಸಿ ಸಾಧನೆ ಮಾಡುವ ಮರದ ದಪ್ಪನೆಯ ಸಾಧನ
ವರಸೆ – ಕಾಳಗದ ಚಲನೆಯ ಕ್ರಮ
ಪಟ್ಟು – ಕುಸ್ತಿಯಲ್ಲಿ ಎದುರಾಳಿಯನ್ನು ಹಿಡಿಯುವ ರೀತಿ
ಮಲ್ಲ – ಜಟ್ಟಿ, ಕುಸ್ತಿಯಾಳು
ಮಡು – ಹೊಳೆಯಲ್ಲಿ ಆಳವಾದ ಜಾಗ
ಕಮಂಡಲು – ನೀರನ್ನು ತುಂಬುವ ಪಾತ್ರೆ
ಎಡೆ – ಸ್ಥಳ, ಅವಕಾಶ
ಚಿತ್ತಾಗು – ಬೆನ್ನು ನೆಲಕ್ಕೆ ತಾಗಿ ಸೋಲು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗರಡಿಮನೆಯ ಬಾಗಿಲು ಹೇಗಿತ್ತು?
2. ಲೇಖಕರ ಗುಟ್ಟನ್ನು ಎದುರಾಳಿಗೆ ತಿಳಿಸುತ್ತಿದ್ದುದು ಯಾವುದು?
3. ‘ಮಾನಸೋಲ್ಲಾಸ’ವನ್ನು ರಚಿಸಿದವರು ಯಾರು?
4. ದ್ರೋಣರು ಅಶ್ವತ್ಥಾಮನ ಕೈಗೆ ಎಂತಹ ಪಾತ್ರೆಯನ್ನು ಕೊಡುತ್ತಿದ್ದರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ದೇಹದ ತಪ್ಪಿಗೂ ಲೆಕ್ಕದ ತಪ್ಪಿಗೂ ಇರುವ ವ್ಯತ್ಯಾಸವೇನು?
2. ಶಿಕ್ಷಕಿ ಹುಡುಗಿಯ ಭಯವನ್ನು ಹೋಗಲಾಡಿಸಿದ ಬಗೆ ಹೇಗೆ?
3. ಬಾಲಕ ಫುನಾಕೋಶಿ ಗುರುವಿನ ಹಿತ್ತಲಲ್ಲಿ ಕಲಿಯುತ್ತಿದ್ದ ರೀತಿಯನ್ನು ವಿವರಿಸಿರಿ.
4. ‘ಒಬ್ಬರಿಗೆ ಹೇಳುವ ಪಾಠ ಬೇರೆ, ಗುಟ್ಟಿನ ಪಾಠ ಬೇರೆ’ – ಹೇಗೆ?

ಇ. ಸಂದರ್ಭದೊಡನೆ ವಿವರಿಸಿರಿ.
1. “ನಿನಗಿಂತ ಮುಂಚೆ ನಿನ್ನ ಭುಜವೇ ಹೇಳಿಬಿಡುತ್ತದೆ.”
2. “ಒಬ್ಬನ ಹತ್ತಿರ ಕಲಿ, ಹತ್ತು ಜನರ ಹತ್ತಿರ ಸೋಲು.”
3. “ಇದು ಹೊಸ ತಪ್ಪು.”

ಈ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಒಬ್ಬನಿಗೆ ಹೇಳುವ ಪಾಠದ ಪ್ರಯೋಜನಗಳನ್ನೂ ಅದರ ಮಿತಿಗಳನ್ನೂ ವಿವರಿಸಿರಿ.
2. ಏಕಲವ್ಯನ ಕಥೆಯನ್ನು ಲೇಖಕರು ಇಲ್ಲಿ ಏಕೆ ತಂದಿದ್ದಾರೆ? ನಿಮ್ಮ ಅಭಿಪ್ರಾಯವನ್ನು ಬರೆಯಿರಿ.